ಕೋಲ್ಟ್ರೇನ್‌ಗೆ ನೂರು: ಜಾಝ್ ಸ್ಮರಣಿಕೆ ಕೂಡಿಡುವವರಿಗೆ ಒಂದು ಕೈಪಿಡಿ

ಜಾಝ್ ಬಗ್ಗೆ ಬರೆಯುವವರನ್ನು ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಮನೆಯ ಅಟ್ಟದಲ್ಲಿ ಹಳೇ ಎಲ್ಪಿ ರೆಕಾರ್ಡಿನ ತಟ್ಟೆ ಸಿಕ್ಕಿದೆ, ಇದು ಒರಿಜಿನಲ್ಲಾ? ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಸಹಿ ಇರುವ ಫೋಟೋ ಆನ್‌ಲೈನಿನಲ್ಲಿ ಮಾರಾಟಕ್ಕಿದೆ, ತಗೊಳ್ಳಲಾ? ಕೈಯಲ್ಲಿ ದುಡ್ಡು ಹೆಚ್ಚಿಲ್ಲ, ಎಲ್ಲಿಂದ ಶುರು ಮಾಡಲಿ?

ಕೋಲ್ಟ್ರೇನ್ ಹುಟ್ಟಿದ್ದು 1926ರ ಸೆಪ್ಟೆಂಬರ್ 23ರಂದು, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಹ್ಯಾಮ್ಲೆಟ್ ಎಂಬ ಸಣ್ಣ ಊರಿನಲ್ಲಿ. ಹಾಗಾಗಿ 2026 ಅವರ ನೂರನೆಯ ವರ್ಷ. ಇಂಥ ವರ್ಷಗಳಲ್ಲಿ ಒಳ್ಳೆಯ ಸಾಮಾನೂ ಹೊರಗೆ ಬರುತ್ತದೆ, ನಕಲಿ ಸಾಮಾನೂ ಬರುತ್ತದೆ, ಎರಡರ ಬೆಲೆಯೂ ಏರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕೋಲ್ಟ್ರೇನ್ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಮೆಚ್ಚಿನವರು ಬೇರೆಯವರಾಗಿದ್ದರೂ ಕ್ರಮ ಇದೇ.

ಬೇಕಾಗುವ ಸಲಕರಣೆ ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು, ಕರೆನ್ಸಿ ನೋಟು ಪರೀಕ್ಷಿಸಲು ಅಂಗಡಿಯವರು ಬಳಸುವಂಥ ಯುವಿ ಟಾರ್ಚ್ ಒಂದು, ಫೋಟೋ ತೆಗೆಯಲು ಮೊಬೈಲು, ಬರೆದಿಡಲು ನೋಟ್‌ಬುಕ್ಕು. ಇವಕ್ಕಿಂತ ಮುಖ್ಯವಾಗಿ ಇಸವಿಗಳು ನೆನಪಿರಬೇಕು. ಸ್ಮರಣಿಕೆಗಳ ವ್ಯಾಪಾರದಲ್ಲಿ ಮೋಸ ಹಿಡಿಯುವುದು ಕಣ್ಣಿಗಿಂತ ಹೆಚ್ಚಾಗಿ ಕ್ಯಾಲೆಂಡರು.

1. ಮೊದಲು ಕಲಾವಿದರ ಕಾಲರೇಖೆ ಬರೆದುಕೊಳ್ಳಿ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಒಂದು ಪುಟದಲ್ಲಿ ಇದನ್ನು ಬರೆದಿಟ್ಟುಕೊಳ್ಳಿ: ಯಾವ ವರ್ಷ ಯಾರ ಜೊತೆ ನುಡಿಸಿದರು, ಯಾವ ಕಂಪನಿಗೆ ರೆಕಾರ್ಡ್ ಮಾಡಿದರು, ಯಾವ ದೇಶಗಳಿಗೆ ಹೋದರು.

ಕೋಲ್ಟ್ರೇನ್ ಅವರದ್ದು ಸ್ಥೂಲವಾಗಿ ಹೀಗಿದೆ. 1943ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದರು. 1945–46ರಲ್ಲಿ ನೌಕಾಪಡೆಯಲ್ಲಿದ್ದರು. 1949ರಿಂದ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ತಂಡದಲ್ಲಿ, 1955ರಿಂದ ಇನ್ನೊಬ್ಬ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ. 1957 ಅವರ ಬದುಕು ತಿರುಗಿದ ವರ್ಷ: ಮಾದಕವಸ್ತುವಿನ ಚಟ ಬಿಟ್ಟರು, ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಜೊತೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ನುಡಿಸಿದರು, ತಮ್ಮದೇ ಹೆಸರಿನ ಮೊದಲ ಎಲ್ಪಿ ತಂದರು. 1960ರಲ್ಲಿ ಮೈಲ್ಸ್ ತಂಡ ಬಿಟ್ಟು ಸ್ವಂತ ತಂಡ ಕಟ್ಟಿದರು. ಮೆಕಾಯ್ ಟೈನರ್, ಜಿಮ್ಮಿ ಗ್ಯಾರಿಸನ್, ಎಲ್ವಿನ್ ಜೋನ್ಸ್ ಇದ್ದ ಪ್ರಸಿದ್ಧ ನಾಲ್ವರ ತಂಡ 1965ರ ಕೊನೆಯವರೆಗೆ ನಡೆಯಿತು. 1966ರ ಜುಲೈಯಲ್ಲಿ ಜಪಾನ್ ಪ್ರವಾಸ. 1967ರ ಜುಲೈ 17ರಂದು, ಇನ್ನೂ ನಲವತ್ತೊಂದು ತುಂಬುವ ಮೊದಲೇ, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು.

ಈ ಒಂದು ಪುಟ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಭಾರತೀಯ ಸಂಗೀತದ ಬಗ್ಗೆ ಅವರಿಗೆ ಆಳವಾದ ಆಸಕ್ತಿಯಿತ್ತು, ‘ಇಂಡಿಯಾ’ ಎಂಬ ಹೆಸರಿನ ಕೃತಿಯನ್ನೇ ನುಡಿಸಿದರು, 1965ರಲ್ಲಿ ಹುಟ್ಟಿದ ಮಗನಿಗೆ ಸಿತಾರ್ ವಾದಕ ರವಿಶಂಕರ್ ಮೇಲಿನ ಗೌರವಕ್ಕೆ ರವಿ ಎಂದು ಹೆಸರಿಟ್ಟರು. ಆದರೆ ಭಾರತಕ್ಕೆ ಕಾರ್ಯಕ್ರಮ ಕೊಡಲು ಬರಲೇ ಇಲ್ಲ. ಯಾರಾದರೂ ‘ಕೋಲ್ಟ್ರೇನ್ ಬಾಂಬೆ ಕಚೇರಿಯ ಪೋಸ್ಟರ್’ ಎಂದು ತೋರಿಸಿದರೆ ಭೂತಗನ್ನಡಿ ಹೊರತೆಗೆಯುವ ಅಗತ್ಯವೇ ಇಲ್ಲ. ಬಂದವರೆಂದರೆ ಡೇವ್ ಬ್ರೂಬೆಕ್ (1958), ಡ್ಯೂಕ್ ಎಲಿಂಗ್ಟನ್ (1963) ಅವರಂಥ ಜಾಝ್ ಕಲಾವಿದರು. ಆ ಕಚೇರಿಗಳ ಕಾಗದಪತ್ರ ನಮ್ಮ ದೇಶದ ಹಳೆಯ ಮನೆಗಳಲ್ಲಿ ಸಿಗುವ ಸಾಧ್ಯತೆ ನಿಜವಾಗಿಯೂ ಇದೆ.

2. ಏನನ್ನು ಕೂಡಿಡುತ್ತೀರಿ ಎಂದು ನಿರ್ಧರಿಸಿ

ಎಲ್ಲವನ್ನೂ ಕೊಳ್ಳುತ್ತೇನೆ ಎಂದು ಹೊರಟವರ ಮನೆಯಲ್ಲಿ ಕೊನೆಗೆ ಉಳಿಯುವುದು ಕಾಫಿ ಮಗ್ಗು, ಟೀ ಶರ್ಟು. ಒಂದು ಎಳೆ ಹಿಡಿಯಿರಿ: ಒಬ್ಬ ಕಲಾವಿದರ ಒಂದೇ ವರ್ಷ, ಇಲ್ಲವೇ ಒಂದೇ ಕಂಪನಿ, ಇಲ್ಲವೇ ಒಂದೇ ಬಗೆಯ ವಸ್ತು.

ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ ನನ್ನ ಸಲಹೆ ಅಂಚೆಚೀಟಿ ಮತ್ತು ಪತ್ರಿಕೆ. ಅಮೆರಿಕದ ಅಂಚೆ ಇಲಾಖೆ 1995ರಲ್ಲಿ ಹತ್ತು ಜಾಝ್ ಕಲಾವಿದರ 32 ಸೆಂಟಿನ ಚೀಟಿಗಳನ್ನು ತಂದಿತು; ಆರ್ಮ್‌ಸ್ಟ್ರಾಂಗ್, ಪಾರ್ಕರ್, ಮಂಕ್, ಮಿಂಗಸ್ ಜೊತೆ ಕೋಲ್ಟ್ರೇನ್ ಕೂಡ ಅದರಲ್ಲಿದ್ದಾರೆ. ಇಂದಿಗೂ ಅದು ದುಬಾರಿಯಲ್ಲ. ಪತ್ರಿಕೆಗಳಲ್ಲಿ 1934ರಿಂದ ಬರುತ್ತಿರುವ ‘ಡೌನ್‌ಬೀಟ್’ ಮುಖ್ಯವಾದದ್ದು. 1961ರ ನವೆಂಬರಿನಲ್ಲಿ ಇದೇ ಪತ್ರಿಕೆಯ ವಿಮರ್ಶಕರೊಬ್ಬರು ಕೋಲ್ಟ್ರೇನ್ ಸಂಗೀತವನ್ನು ‘ಜಾಝ್ ವಿರೋಧಿ’ ಎಂದು ಕರೆದರು. 1962ರ ಏಪ್ರಿಲ್ 12ರ ಸಂಚಿಕೆಯಲ್ಲಿ ಕೋಲ್ಟ್ರೇನ್ ಮತ್ತು ಎರಿಕ್ ಡಾಲ್ಫಿ ಇಬ್ಬರೂ ಉತ್ತರ ಕೊಟ್ಟರು. ಈ ಎರಡು ಸಂಚಿಕೆ ಪಕ್ಕಪಕ್ಕ ಇಟ್ಟರೆ ಆ ಕಾಲದ ಜಗಳವೇ ನಿಮ್ಮ ಕಪಾಟಿಗೆ ಬಂದ ಹಾಗೆ. ಸಾವಿರಾರು ಡಾಲರಿನ ರೆಕಾರ್ಡಿಗಿಂತ ನನಗೆ ಇದು ಹೆಚ್ಚು ಇಷ್ಟ.

ಕನ್ನಡಿಗರಿಗೆ ಹತ್ತಿರದ ಎಳೆಯೂ ಒಂದಿದೆ. ಮಿಂಗಸ್ ಜೊತೆ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹಾಗೂ ಆರ್.ಎ. ರಮಾಮಣಿ ಅವರೊಂದಿಗೆ 1983ರಲ್ಲಿ ಇಸಿಎಂ ಕಂಪನಿಗೆ ‘ಜ್ಯೋತಿ’ ರೆಕಾರ್ಡ್ ಮಾಡಿದರು. ಕದ್ರಿ ಗೋಪಾಲನಾಥ್ ಮತ್ತು ಕರ್ನಾಟಕ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಂತಪ್ಪ ಸೇರಿ ತಂದ ‘ಕಿನ್ಸ್‌ಮೆನ್’ ಬಂದದ್ದು 2008ರಲ್ಲಿ. 1978ರಲ್ಲಿ ಮುಂಬೈಯಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವದ ಕಾರ್ಯಕ್ರಮ ಪುಸ್ತಿಕೆಗಳೂ ಇದೇ ಸಾಲಿಗೆ ಸೇರುತ್ತವೆ. ಇವನ್ನು ಹುಡುಕಲು ನ್ಯೂಯಾರ್ಕಿಗೆ ಹೋಗಬೇಕಿಲ್ಲ.

3. ರೆಕಾರ್ಡನ್ನು ಓದಲು ಕಲಿಯಿರಿ

ಇದು ಉದ್ದದ ಹಂತ, ಸಾವಧಾನವಾಗಿ ಓದಿ. ಒಂದೇ ಆಲ್ಬಮ್ಮನ್ನು ಕಂಪನಿ ಹತ್ತಾರು ವರ್ಷ ಮತ್ತೆ ಮತ್ತೆ ಅಚ್ಚು ಹಾಕುತ್ತದೆ. ಹೀಗೆ ಒಂದು ಬಾರಿ ಅಚ್ಚು ಹಾಕಿದ್ದಕ್ಕೆ ‘ಪ್ರೆಸಿಂಗ್’ ಎನ್ನುತ್ತಾರೆ. ಸಂಗ್ರಾಹಕರು ದುಡ್ಡು ಕೊಡುವುದು ಮೊದಲ ಪ್ರೆಸಿಂಗಿಗೆ. ಕವರಿನ ಮೇಲೆ 1957 ಎಂದಿದ್ದ ಮಾತ್ರಕ್ಕೆ ತಟ್ಟೆ 1957ರದ್ದಲ್ಲ.

ನೋಡಬೇಕಾದ ಜಾಗ ಎರಡು. ಒಂದು, ನಡುವಿನ ಕಾಗದದ ಲೇಬಲ್ಲು. ಇನ್ನೊಂದು ‘ಡೆಡ್ ವ್ಯಾಕ್ಸ್’, ಅಂದರೆ ಸಂಗೀತದ ಗೆರೆಗಳು ಮುಗಿದ ಮೇಲೆ ಲೇಬಲ್ಲಿನ ತನಕ ಉಳಿಯುವ ನುಣುಪಾದ ಪಟ್ಟಿ. ಅಲ್ಲಿ ಸಣ್ಣ ಅಕ್ಷರ, ಅಂಕಿಗಳನ್ನು ಕೆತ್ತಿರುತ್ತಾರೆ. ತಟ್ಟೆಯನ್ನು ಓರೆಯಾಗಿ ಹಿಡಿದು ಬೆಳಕು ಬಿಟ್ಟರೆ ಕಾಣುತ್ತವೆ.

*ಬ್ಲೂ ನೋಟ್.* ಕೋಲ್ಟ್ರೇನ್ ಈ ಕಂಪನಿಗೆ ತಮ್ಮ ಹೆಸರಲ್ಲಿ ಮಾಡಿದ ಆಲ್ಬಮ್ ಒಂದೇ, 1957ರ ಸೆಪ್ಟೆಂಬರ್ 15ರಂದು ರೆಕಾರ್ಡ್ ಆದ ‘ಬ್ಲೂ ಟ್ರೇನ್’, ಸಂಖ್ಯೆ 1577. ಮೊದಲ ಪ್ರೆಸಿಂಗಿನ ಲೇಬಲ್ಲಿನಲ್ಲಿ ವಿಳಾಸ 47 ವೆಸ್ಟ್ 63ನೇ ಬೀದಿ ಎಂದಿರುತ್ತದೆ. 1960ರ ದಶಕದ ಆರಂಭದಲ್ಲಿ ಅದು ‘ನ್ಯೂಯಾರ್ಕ್, ಯುಎಸ್‌ಎ’ ಎಂದಾಯಿತು. ಕಂಪನಿ ಲಿಬರ್ಟಿಯ ಪಾಲಾದ ಮೇಲೆ, 1966ರಿಂದ, ‘ಲಿಬರ್ಟಿ ರೆಕಾರ್ಡ್ಸ್‌ನ ವಿಭಾಗ’ ಎಂಬ ಸಾಲು ಬಂತು. ಡೆಡ್ ವ್ಯಾಕ್ಸಿನಲ್ಲಿ ಎರಡು ಗುರುತು ಹುಡುಕಿ. ಆರ್‌ವಿಜಿ ಎಂಬ ಮೂರಕ್ಷರ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಅವರದ್ದು. ಕಿವಿಯಂತೆ ಕಾಣುವ ಸೊಟ್ಟ ಇಂಗ್ಲಿಷ್ ‘ಪಿ’ ಅಕ್ಷರ ಪ್ಲಾಸ್ಟಿಲೈಟ್ ಎಂಬ ಅಚ್ಚು ಕಾರ್ಖಾನೆಯದ್ದು.

ಎಚ್ಚರಿಕೆ: ಹೆಚ್ಚಿನವರು ಎಡವುವುದು ಇಲ್ಲೇ. ಆರ್‌ವಿಜಿ ಗುರುತು ಕಂಡ ಕೂಡಲೇ ಒರಿಜಿನಲ್ ಎಂದು ಕುಣಿಯಬೇಡಿ. ಅದೇ ಲೋಹದ ಅಚ್ಚನ್ನು ಲಿಬರ್ಟಿಯವರೂ ಬಳಸಿದ್ದರಿಂದ ನಂತರದ ತಟ್ಟೆಗಳಲ್ಲೂ ಆ ಗುರುತು ಇದೆ. ಮಾತ್ರವಲ್ಲ, ಮಿಕ್ಕುಳಿದಿದ್ದ ಹಳೆಯ ಲೇಬಲ್ಲುಗಳನ್ನೂ ಅವರು ಹೊಸ ತಟ್ಟೆಗೆ ಹಚ್ಚಿದ್ದುಂಟು. ಪ್ಲಾಸ್ಟಿಲೈಟ್ ಕಾರ್ಖಾನೆಯ ಕೆಲಸ ಮಾತ್ರ 1966ಕ್ಕೆ ನಿಂತುಹೋಯಿತು. ಹಳೆಯ ಲೇಬಲ್ಲಿದ್ದು ‘ಕಿವಿ’ ಇಲ್ಲದಿದ್ದರೆ ಮೊದಲ ಪ್ರೆಸಿಂಗಿನ ಬೆಲೆ ಕೊಡಬೇಡಿ.

*ಪ್ರೆಸ್ಟೀಜ್.* ಇಲ್ಲಿ ಹಳದಿ ಲೇಬಲ್ಲು. 1957ರದ್ದರಲ್ಲಿ ನ್ಯೂಯಾರ್ಕಿನ 446 ವೆಸ್ಟ್ 50ನೇ ಬೀದಿಯ ವಿಳಾಸ, ನಂತರದವುಗಳಲ್ಲಿ ನ್ಯೂಜೆರ್ಸಿಯ ಬರ್ಗೆನ್‌ಫೀಲ್ಡ್ ವಿಳಾಸ, 1964ರ ಸುಮಾರಿಗೆ ತ್ರಿಶೂಲ ಚಿಹ್ನೆಯ ನೀಲಿ ಲೇಬಲ್ಲು. ಈ ಕಂಪನಿಯ ತೊಡಕು ಬೇರೆ: ಕೋಲ್ಟ್ರೇನ್ ಬಿಟ್ಟುಹೋದ ಮೇಲೂ ಕೂಡಿಟ್ಟಿದ್ದ ಟೇಪುಗಳನ್ನು ವರ್ಷಗಟ್ಟಲೆ ಹೊರತಂದರು. 1957–58ರಲ್ಲಿ ನುಡಿಸಿದ ‘ಲಶ್ ಲೈಫ್’ ಬಂದದ್ದು 1961ರಲ್ಲಿ. 1958ರ ‘ಸ್ಟಾರ್‌ಡಸ್ಟ್’ ಬಂದದ್ದು 1963ರಲ್ಲಿ. ರೆಕಾರ್ಡ್ ಆದ ಇಸವಿ, ಬಿಡುಗಡೆಯಾದ ಇಸವಿ, ನಿಮ್ಮ ಕೈಯಲ್ಲಿರುವ ತಟ್ಟೆ ಅಚ್ಚಾದ ಇಸವಿ, ಈ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

*ಅಟ್ಲಾಂಟಿಕ್.* ‘ಜಯಂಟ್ ಸ್ಟೆಪ್ಸ್’ ಸಂಖ್ಯೆ 1311. ಮೊದಲ ಮೋನೊ (ಒಂದೇ ಧ್ವನಿವಾಹಿನಿಯ; ಎರಡಿದ್ದರೆ ಸ್ಟೀರಿಯೊ) ತಟ್ಟೆಗೆ ಕಪ್ಪು ಲೇಬಲ್ಲು. ಮೋನೊದಲ್ಲಿ ಬಣ್ಣಬಣ್ಣದ ಲೇಬಲ್ಲುಗಳು ಆಮೇಲಿನವು.

*ಇಂಪಲ್ಸ್.* 1961ರಿಂದ ಕೊನೆಯವರೆಗೂ ಅವರ ಮನೆ ಇದೇ. ಕವರಿನ ಬೆನ್ನು ಕಿತ್ತಳೆ ಮತ್ತು ಕಪ್ಪು, ಕಪಾಟಿನಲ್ಲಿ ದೂರದಿಂದಲೇ ಗೊತ್ತಾಗುತ್ತದೆ. 1964ರ ಡಿಸೆಂಬರ್ 9ರಂದು ರೆಕಾರ್ಡಾಗಿ 1965ರ ಆರಂಭದಲ್ಲಿ ಬಂದ ‘ಎ ಲವ್ ಸುಪ್ರೀಮ್’ ಮೋನೊ ಆದರೆ ಎ-77, ಸ್ಟೀರಿಯೊ ಆದರೆ ಎಎಸ್-77. ಲೇಬಲ್ಲು ಕಿತ್ತಳೆ-ಕಪ್ಪು ಇರಬೇಕು, ಅಂಚಿನಲ್ಲಿ ‘ಎಬಿಸಿ-ಪ್ಯಾರಾಮೌಂಟ್’ ಎಂದಿರಬೇಕು. ಬರೀ ‘ಎಬಿಸಿ ರೆಕಾರ್ಡ್ಸ್’ ಎಂದಿದ್ದರೆ 1966ರ ನಂತರದ್ದು. ಕಪ್ಪು ಲೇಬಲ್ಲಿಗೆ ಕೆಂಪು ಉಂಗುರ ಇದ್ದರೆ 1968ರ ಈಚಿನದು. ಕವರಿನಲ್ಲಿ ಬಾರ್‌ಕೋಡ್ ಇದ್ದರೆ ಚರ್ಚೆಯೇ ಬೇಡ. ರೆಕಾರ್ಡು ಕವರುಗಳಿಗೆ ಅದು ಬಂದದ್ದೇ 1970ರ ದಶಕದ ಕೊನೆಗೆ.

ಇನ್ನು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು. ಯುವಕ ಕೋಲ್ಟ್ರೇನ್ 1951ರಲ್ಲಿ ಗಿಲೆಸ್ಪಿಯವರ ಡೀ ಗೀ ಕಂಪನಿಗೆ ನುಡಿಸಿದ್ದು ಈ ರೂಪದಲ್ಲಿ ಬಂದಿದೆ. ಇವು ಅರಗಿನವು, ಬಿದ್ದರೆ ಚೂರು. ಸ್ಪಿರಿಟ್ ಅಥವಾ ಆಲ್ಕೋಹಾಲ್ ಇರುವ ಯಾವ ದ್ರವದಿಂದಲೂ ಒರೆಸಬೇಡಿ, ಅರಗು ಕರಗಿ ಸಂಗೀತವೇ ಹೋಗುತ್ತದೆ.

ಕೇಳುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಈ ಹಂತವನ್ನು ಪೂರ್ತಿ ಬಿಡಬಹುದು. ಮೂಲ ಟೇಪಿನಿಂದ ಮಾಡಿದ ಒಳ್ಳೆಯ ಮರುಮುದ್ರಣಗಳು ಸವೆದ ಒರಿಜಿನಲ್ಲಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತವೆ.

4. ಕಾಗದ: ಪೋಸ್ಟರು, ಟಿಕೆಟ್ಟು, ಫೋಟೋ

ಪೋಸ್ಟರು, ಕರಪತ್ರ ಕೈಗೆ ಬಂದರೆ ಮೊದಲು ವಿಳಾಸ ಓದಿ. ಅಮೆರಿಕದಲ್ಲಿ ಐದಂಕಿಯ ಝಿಪ್ ಕೋಡ್, ಅಂದರೆ ಅವರ ಪಿನ್‌ಕೋಡ್, ಜಾರಿಗೆ ಬಂದದ್ದು 1963ರ ಜುಲೈ 1ರಂದು. ಅದಕ್ಕೂ ಮೊದಲು ದೊಡ್ಡ ನಗರಗಳಲ್ಲಿ ‘ನ್ಯೂಯಾರ್ಕ್ 19’ ಎಂಬಂತೆ ವಲಯದ ಸಂಖ್ಯೆ ಇರುತ್ತಿತ್ತು. 1961ರ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನ ಕರಪತ್ರ ಎಂದು ಹೇಳಿ ಅದರಲ್ಲಿ ಐದಂಕಿಯ ಕೋಡ್ ಇದ್ದರೆ, ಮಾಡಿದವನು ಗಡಿಬಿಡಿಯಲ್ಲಿದ್ದ ಎಂದರ್ಥ.

ಎರಡನೆಯದು ಭೂತಗನ್ನಡಿ. ಆ ಕಾಲದ ಪೋಸ್ಟರುಗಳಲ್ಲಿ ಅಚ್ಚುಮೊಳೆಯಿಂದ ಒತ್ತಿದ ಅಕ್ಷರ ಕಾಗದಕ್ಕೆ ತುಸು ತಗ್ಗಿದಂತೆ ಇರುತ್ತದೆ, ಬಣ್ಣ ಒಂದೇ ಸಮ. ಹಳೆಯ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದ್ದರೆ ಗಟ್ಟಿ ಬಣ್ಣದ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಮಡಿಕೆಯ ಗೆರೆ, ಕಾಫಿ ಕಲೆ ಕೂಡ ಮುದ್ರಣವಾಗಿಯೇ ಬಂದಿರುತ್ತದೆ. ಬೆರಳಿನಿಂದ ಸವರಿದರೆ ಮಡಿಕೆ ಸಿಗುವುದಿಲ್ಲ.

ಯುವಿ ಟಾರ್ಚನ್ನು ತಿಳಿದು ಬಳಸಿ. ಕಾಗದ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಇದು ಕಾಗದಕ್ಕೆ ಸಾಮಾನ್ಯವಾಗಿ ಬಂದದ್ದು ಸುಮಾರು 1950ರ ನಂತರ. ಹಾಗಾಗಿ 1930ರ ದಶಕದ್ದೆಂದು ಹೇಳುವ ಆರ್ಮ್‌ಸ್ಟ್ರಾಂಗ್ ಕರಪತ್ರ ಹೊಳೆದರೆ ಅನುಮಾನಿಸಿ. 1960ರ ದಶಕದ ಕೋಲ್ಟ್ರೇನ್ ಕರಪತ್ರ ಹೊಳೆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಟಾರ್ಚ್ ತೋರಿಸಿ ‘ನೋಡಿ, ನಕಲಿ’ ಎಂದು ಅಂಗಡಿಯವರ ಮೇಲೆ ಹಾರುವವರಿದ್ದಾರೆ, ಅವರ ಸಾಲಿಗೆ ಸೇರಬೇಡಿ.

ಫೋಟೋಗಳಲ್ಲಿ ‘ವಿಂಟೇಜ್ ಪ್ರಿಂಟ್’ ಎಂಬ ಮಾತು ಕೇಳುತ್ತೀರಿ. ಚಿತ್ರ ತೆಗೆದ ಆಸುಪಾಸಿನ ಕಾಲದಲ್ಲೇ ತೊಳೆದ ಪ್ರತಿ ಎಂದರ್ಥ. ಅದೇ ನೆಗೆಟಿವ್‌ನಿಂದ ಮುಂದೆ ಯಾವತ್ತೋ ತೆಗೆದ ಪ್ರತಿಗೆ ಬೆಲೆ ಕಡಿಮೆ. ಪ್ಲಾಸ್ಟಿಕ್ ಲೇಪದ ಫೋಟೋ ಕಾಗದ ಬಳಕೆಗೆ ಬಂದದ್ದು 1970ರ ಆಸುಪಾಸಿನಲ್ಲಿ. 1961ರಲ್ಲೇ ತೊಳೆದ ಪ್ರತಿ ಅಂಥ ಕಾಗದದ ಮೇಲೆ ಇರಲು ಸಾಧ್ಯವಿಲ್ಲ. ಹಿಂಬದಿ ಯಾವಾಗಲೂ ನೋಡಿ: ಪತ್ರಿಕಾ ಕಚೇರಿಯ ರಬ್ಬರ್ ಮುದ್ರೆ, ತಾರೀಖು, ಅಂಟಿಸಿದ ಟೈಪ್ ಮಾಡಿದ ವಿವರಣೆ ಇದ್ದರೆ ಒಳ್ಳೆಯದು. ಫೋಟೋ ಕೊಂಡ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ನಿಮಗೆ ಬರುವುದಿಲ್ಲ ಎಂಬುದೂ ನೆನಪಿರಲಿ, ಹಕ್ಕು ಛಾಯಾಗ್ರಾಹಕರದ್ದು.

5. ಸಹಿಗೆ ಕೈ ಹಾಕುವ ಮೊದಲು

ಹೊಸಬರಿಗೆ ನನ್ನ ಮಾತು ನೇರ: ಮೊದಲ ವರ್ಷ ಸಹಿ ಕೊಳ್ಳಬೇಡಿ. ಕೋಲ್ಟ್ರೇನ್ ನಲವತ್ತಕ್ಕೇ ಹೋದವರು, ನಿಜವಾದ ಸಹಿಗಳು ಕಡಿಮೆ, ಬೇಡಿಕೆ ಹೆಚ್ಚು. ನಕಲಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ?

ಆದರೂ ಕೊಳ್ಳಲೇಬೇಕು ಎಂದಾದರೆ, ಸಹಿಗಿಂತ ಮೊದಲು ಸಹಿ ಮಾಡಿದ ವಸ್ತುವಿನ ಇಸವಿ ಹಿಡಿಯಿರಿ. ‘ಓಂ’ ಆಲ್ಬಮ್ ಬಂದದ್ದು 1968ರಲ್ಲಿ, ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ 1974ರಲ್ಲಿ. ‘ಎಕ್ಸ್‌ಪ್ರೆಷನ್’ 1967ರದ್ದೇ ಆದರೂ ಅವರು ಕಣ್ಮುಚ್ಚಿದ ಮೇಲೆ ಅಂಗಡಿಗೆ ಬಂತು. ಇವುಗಳ ಕವರಿನ ಮೇಲೆ ಅವರ ಸಹಿ ಇರಲಾರದು. ಹಾಗೆಯೇ ‘ಬ್ಲೂ ಟ್ರೇನ್’ ಕವರಿನ ಮೇಲೆ ಚಂದದ ಸಹಿಯಿದ್ದು, ಆ ಕವರು ಲಿಬರ್ಟಿ ಕಾಲದ ಮರುಮುದ್ರಣವಾಗಿ 1967ರ ನಂತರದ್ದೆಂದು ಗೊತ್ತಾದರೆ, ಅಕ್ಷರದ ಓರೆಕೋರೆ ಹೋಲಿಸುತ್ತ ಕೂರಬೇಕಿಲ್ಲ. ಮೂರನೇ ಹಂತ ಕಲಿತದ್ದರ ದೊಡ್ಡ ಲಾಭ ಇದೇ.

ಇನ್ನೊಂದು ಶಬ್ದ ‘ಪ್ರಾವೆನನ್ಸ್’: ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆಯ ಸರಪಳಿ. ‘ನಮ್ಮ ತಾತ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತಿದ್ದರು’ ಎಂಬ ಕಥೆ ದಾಖಲೆಯಲ್ಲ. ಮಾರುವವನೇ ಛಾಪಿಸಿ ಕೊಡುವ ‘ಅಸಲಿ ಪ್ರಮಾಣಪತ್ರ’ವೂ ದಾಖಲೆಯಲ್ಲ. ಸಹಿ ಪರೀಕ್ಷಿಸುವ ಸ್ವತಂತ್ರ ಸಂಸ್ಥೆಗಳ ಅಭಿಪ್ರಾಯ ಕೇಳಬಹುದು, ಅದೂ ಅಭಿಪ್ರಾಯವೇ.

6. ಬೆಲೆ, ದರ್ಜೆ, ತರಿಸಿಕೊಳ್ಳುವುದು

ಮಾರುವವರು ಕೇಳುವ ಬೆಲೆ ಬೆಲೆಯಲ್ಲ, ಮಾರಾಟವಾದದ್ದು ಬೆಲೆ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ‘ಮಾರಾಟವಾದವು’ ಎಂದು ಸೋಸಿ ನೋಡಿ. ಡಿಸ್ಕಾಗ್ಸ್ ತಾಣದಲ್ಲಿ ಪ್ರತಿ ಪ್ರೆಸಿಂಗಿಗೂ ಬೇರೆ ಪುಟವಿದೆ, ಡೆಡ್ ವ್ಯಾಕ್ಸ್ ಬರಹವೂ ಹಳೆಯ ಮಾರಾಟದ ಬೆಲೆಯೂ ಸಿಗುತ್ತವೆ. ಮ್ಯೂಸಿಯಂ ಮಟ್ಟದ ಹರಾಜುಗಳನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಚಾರ್ಲಿ ಪಾರ್ಕರ್ ಅವರ ಪ್ಲಾಸ್ಟಿಕ್ ಸ್ಯಾಕ್ಸೊಫೋನನ್ನು 1994ರ ಲಂಡನ್ ಹರಾಜಿನಲ್ಲಿ ಕ್ಯಾನ್ಸಸ್ ಸಿಟಿ ನಗರವೇ ಕೊಂಡುಕೊಂಡಿತು. ಅದು ಬೇರೆಯೇ ಲೋಕ. ಹರಾಜಿನಲ್ಲಿ ಭಾಗವಹಿಸುವವರು ‘ಬೈಯರ್ಸ್ ಪ್ರೀಮಿಯಂ’ ಎಂಬ ಕೊಳ್ಳುವವರ ಕಮಿಷನ್ ಎಷ್ಟೆಂದು ಮೊದಲೇ ಓದಿ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಶೇ 20–25ರಷ್ಟು ಸೇರುವುದು ಸಾಮಾನ್ಯ.

ರೆಕಾರ್ಡುಗಳಿಗೆ ದರ್ಜೆಗಳಿವೆ: ಮಿಂಟ್, ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ, ಗುಡ್. ಈ ವ್ಯಾಪಾರದಲ್ಲಿ ‘ಗುಡ್’ ಅಂದರೆ ಕೇಳಲು ಕಷ್ಟ. ವಿಜಿ ಪ್ಲಸ್‌ಗಿಂತ ಕೆಳಗೆ ಇಳಿಯುವುದಾದರೆ ಬೆಲೆಯೂ ಇಳಿಯಬೇಕು. ತಟ್ಟೆಗೆ ಒಂದು, ಕವರಿಗೆ ಒಂದು, ಹೀಗೆ ಎರಡು ದರ್ಜೆ ಕೇಳಿ. ಲೇಬಲ್ಲು ಎರಡೂ ಬದಿ, ಡೆಡ್ ವ್ಯಾಕ್ಸ್, ಕವರಿನ ಮೂಲೆಗಳು, ಇಷ್ಟರ ಫೋಟೋ ಕಳಿಸಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ.

ವಿದೇಶದಿಂದ ತರಿಸುವಾಗ ಸಾಗಾಣಿಕೆಯ ಜೊತೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಸೇರುತ್ತದೆ. ಇವೆಲ್ಲ ಕೂಡಿಸಿದ ಮೇಲೂ ಬೇಕೆನಿಸಿದರೆ ಮಾತ್ರ ಆರ್ಡರ್ ಮಾಡಿ. ‘ಗಿಫ್ಟ್ ಅಂತ ಕಡಿಮೆ ಬೆಲೆ ಬರೆದು ಕಳಿಸಿ’ ಎಂದು ಹೇಳಬೇಡಿ: ಕಾನೂನಿಗೆ ವಿರುದ್ಧ, ಜೊತೆಗೆ ದಾರಿಯಲ್ಲಿ ಒಡೆದರೆ ವಿಮೆಯ ಪರಿಹಾರವೂ ಬರೆದ ಆ ಕಡಿಮೆ ಬೆಲೆಯಷ್ಟೇ ಸಿಗುತ್ತದೆ. ತಟ್ಟೆಯನ್ನು ಕವರಿನಿಂದ ಹೊರಗಿಟ್ಟು, ಎರಡೂ ಬದಿ ಗಟ್ಟಿ ರಟ್ಟು ಹಾಕಿ ಕಳಿಸಲು ಹೇಳಿ. ಒಳಗಿಟ್ಟು ಕಳಿಸಿದರೆ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳುತ್ತದೆ.

7. ಮಳೆಗಾಲದಿಂದ ಕಾಪಾಡಿ

ವಿದೇಶಿ ಕೈಪಿಡಿಗಳಲ್ಲಿ ಈ ಭಾಗ ನಾಲ್ಕು ಸಾಲು ಇರುತ್ತದೆ. ಮಂಗಳೂರು, ಶಿರಸಿ, ಮಡಿಕೇರಿಯಲ್ಲಿ ಕೂತು ಓದುವವರಿಗೆ ಅದು ಸಾಲದು.

ಮೊದಲ ನಿಯಮ: ಲ್ಯಾಮಿನೇಷನ್ ಮಾಡಿಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ಟು, ಕರಪತ್ರವನ್ನು ಬಿಸಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿದರೆ ಅದು ಮತ್ತೆ ಬಿಡಿಸಲು ಬರುವುದಿಲ್ಲ, ಸಂಗ್ರಾಹಕರ ಲೆಕ್ಕದಲ್ಲಿ ಅಲ್ಲಿಗೆ ಆ ವಸ್ತು ಮುಗಿಯಿತು. ಸೆಲ್ಲೋಟೇಪು, ಫೆವಿಕಾಲು ಕೂಡ ಬೇಡ. ಕಾಗದವನ್ನು ಆಮ್ಲರಹಿತ ಕಾಗದದ ಜೊತೆ ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಚೌಕಟ್ಟು ಹಾಕಿಸಿದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಬಿಡಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಹೊರಗೋಡೆ ಬೇಡ, ಮಳೆಗಾಲದಲ್ಲಿ ಒಳಗಿನಿಂದಲೇ ಬೆವರುತ್ತದೆ.

ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ, ಓರೆಯಾಗಿ ಒರಗಿಸಿದರೆ ಸೊಟ್ಟಗಾಗುತ್ತವೆ. ಪಿವಿಸಿ ಹೊರಚೀಲಗಳು ವರ್ಷಗಳ ಮೇಲೆ ತಟ್ಟೆಗೆ ಮಂಜು ಹಿಡಿಸುತ್ತವೆ, ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ತಗೊಳ್ಳಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಸಣ್ಣ ತೇವಮಾಪಕ ಒಂದು ಒಳಗಿಡಿ; ಶೇ 50ರ ಸುಮಾರು ಇದ್ದರೆ ನೆಮ್ಮದಿ, 65 ದಾಟಿದರೆ ಬೂಸ್ಟು ಬರಲು ತಡವಿಲ್ಲ. ಸಿಲಿಕಾ ಜೆಲ್ ಪೊಟ್ಟಣಗಳು ಮುಚ್ಚಿದ ಡಬ್ಬಿಯಲ್ಲಿ ಕೆಲಸ ಮಾಡುತ್ತವೆ, ತೆರೆದ ಕಪಾಟಿನಲ್ಲಿ ಅಲ್ಲ. ನುಸಿಗುಳಿಗೆಯನ್ನು ಫೋಟೋ, ಪ್ಲಾಸ್ಟಿಕ್ಕುಗಳ ಹತ್ತಿರ ಇಡಬೇಡಿ.

ಎಲ್ಪಿಯ ಮೇಲೆ ಬೂಸ್ಟು ಕಂಡರೆ ಒಣಬಟ್ಟೆಯಿಂದ ತಿಕ್ಕಬೇಡಿ, ಗೀರು ಬೀಳುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೌಮ್ಯ ಸೋಪು ಬೆರೆಸಿ, ಲೇಬಲ್ಲಿಗೆ ನೀರು ತಾಗದಂತೆ ಗೆರೆಗಳ ಗುಂಟ ಮೆತ್ತಗೆ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಮತ್ತೊಮ್ಮೆ ತೊಳೆದು, ಗಾಳಿಗೆ ಆರಲು ಬಿಡಿ. ಬಿಸಿಲಿಗಲ್ಲ.

8. ಪಟ್ಟಿ ಬರೆದಿಡಿ

ಪ್ರತಿ ವಸ್ತುವಿಗೂ ಒಂದು ಸಾಲು: ಏನು, ಎಂದಿನದು, ಆ ಇಸವಿ ಹೇಗೆ ಗೊತ್ತಾಯಿತು, ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಸ್ಥಿತಿ ಹೇಗಿದೆ. ರಸೀದಿ, ಮಾರಿದವರ ಜೊತೆಗಿನ ಪತ್ರವ್ಯವಹಾರವನ್ನು ಮುದ್ರಿಸಿ ಅದೇ ಫೈಲಿಗೆ ಸೇರಿಸಿ. ವಸ್ತುವಿನ ಮೇಲೆ ಪೆನ್ನಿನಿಂದ ಸಂಖ್ಯೆ ಬರೆಯಬೇಡಿ, ಲಕೋಟೆಯ ಮೇಲೆ ಪೆನ್ಸಿಲಿನಿಂದ ಬರೆಯಿರಿ. ಪಟ್ಟಿಯ ಒಂದು ಪ್ರತಿ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ, ಕನ್ನಡದಲ್ಲೇ ಇರಲಿ. ನೀವು ಊರಲ್ಲಿಲ್ಲದಾಗ ಹಳೇ ಪೇಪರಿನವನು ಬಾಗಿಲಿಗೆ ಬಂದರೆ, 1962ರ ‘ಡೌನ್‌ಬೀಟ್’ ಯಾವುದು, ಕಳೆದ ತಿಂಗಳ ವಾರಪತ್ರಿಕೆ ಯಾವುದು ಎಂದು ಮನೆಯವರಿಗೆ ತಿಳಿಯಬೇಕಲ್ಲ.